ಕಾರ್ಪೊರೇಟ್ ತೆರಿಗೆ ಇಳಿಸಿದರೂ ವಿದೇಶಿ ನೇರ ಹೂಡಿಕೆ ಯಾಕೆ ಏರಲಿಲ್ಲ? ಡೇಟಾ ಇಟ್ಟು ನೋಡಿದರೆ ಲೆಕ್ಕ ಕೂಡುತ್ತಿಲ್ಲ

ಸಹ್ಯಾದ್ರಿ_ಎಂಎ:

ಎಲ್ಲರಿಗೂ ನಮಸ್ಕಾರ. ಎಂಎ ಅರ್ಥಶಾಸ್ತ್ರದ ಡಿಸರ್ಟೇಶನ್‌ಗೆ ಸಹಾಯ ಬೇಕಿತ್ತು. ವಿಷಯ: ಕಾರ್ಪೊರೇಟ್ ತೆರಿಗೆ ಮತ್ತು ಆರ್ಥಿಕ ಸ್ಥಿತಿಗತಿ ಭಾರತಕ್ಕೆ ಬರುವ ಎಫ್‌ಡಿಐ (ವಿದೇಶಿ ನೇರ ಹೂಡಿಕೆ) ಮೇಲೆ ಬೀರುವ ಪರಿಣಾಮ, 2000ರಿಂದ 2024ರವರೆಗೆ. ವರ್ಷಕ್ಕೊಂದು ಸಾಲು, ಒಟ್ಟು 25 ಸಾಲು. ಎಡಗಡೆ ಎಫ್‌ಡಿಐ ಒಳಹರಿವು. ಬಲಗಡೆ ತೆರಿಗೆ ದರ, ಜಿಡಿಪಿ ಬೆಳವಣಿಗೆ, ಹಣದುಬ್ಬರ, ಡಾಲರ್–ರೂಪಾಯಿ ದರ.

ಲೆವೆಲ್‌ನಲ್ಲೇ (ಅಂಕಿಗಳನ್ನು ಇದ್ದಂತೆಯೇ ಇಟ್ಟು) ರಿಗ್ರೆಶನ್ ಮಾಡಿದರೆ ತೆರಿಗೆಯ ಸಹಗುಣಕ ಋಣವಾಗಿ ಬರುತ್ತದೆ, ಅಂದರೆ ತೆರಿಗೆ ಇಳಿದರೆ ಹೂಡಿಕೆ ಏರುತ್ತದೆ. ಆರ್-ಸ್ಕ್ವೇರ್ (ಮಾದರಿ ಡೇಟಾಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಕೂಡ ಭರ್ಜರಿ. ಯೂನಿಟ್ ರೂಟ್ (ಸರಣಿ ಒಂದು ಸರಾಸರಿಗೆ ಮರಳದೆ ಅಲೆಯುತ್ತಾ ಹೋಗುವ ಗುಣ) ನೋಡಿದ್ದೀರಾ ಎಂದು ಗೈಡ್ ಕೇಳಿದರು. ಫಸ್ಟ್ ಡಿಫರೆನ್ಸ್ (ವರ್ಷದಿಂದ ವರ್ಷಕ್ಕಾದ ಬದಲಾವಣೆ) ಹಾಕಿದ ಕೂಡಲೇ ತೆರಿಗೆಯ ಪರಿಣಾಮ ಪೂರ್ತಿ ಮಾಯ.

2019ರ ಸೆಪ್ಟೆಂಬರ್ 20ರಂದು ಸರ್ಕಾರ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಡುತ್ತಿದ್ದೇವೆ ಎಂದು ಆಗಲೇ ಹೇಳಿತ್ತು. ಆದರೂ ಈಕ್ವಿಟಿ ಒಳಹರಿವು 2021-22ರ 58.8 ಬಿಲಿಯನ್ ಡಾಲರ್‌ನಿಂದ 2023-24ಕ್ಕೆ 44.4 ಬಿಲಿಯನ್‌ಗೆ ಬಿದ್ದಿದೆ. ತೆರಿಗೆಗೂ ಎಫ್‌ಡಿಐಗೂ ಸಂಬಂಧವೇ ಇಲ್ಲ ಎಂದು ಬರೆಯಬೇಕೋ, ನನ್ನ ಡೇಟಾದಲ್ಲೇ ದೋಷವಿದೆಯೋ ತಿಳಿಯುತ್ತಿಲ್ಲ. ಯಾವ ತೆರಿಗೆ ದರ, ಯಾವ ಎಫ್‌ಡಿಐ ಸರಣಿ ತೆಗೆದುಕೊಳ್ಳುವುದು ಸರಿ?

ಅಂಕಿಅಂಶ_ಹುಬ್ಬಳ್ಳಿ:

ದೋಷ ಡೇಟಾದಲ್ಲಿಲ್ಲ. ಆ ಡೇಟಾದಿಂದ ಈ ಪ್ರಶ್ನೆಗೆ ಉತ್ತರ ಹೊರಡುವುದಿಲ್ಲ, ಅಷ್ಟೆ. ಯಾಕೆ ಅಂತ ನೋಡಿ.

ಸರ್ಚಾರ್ಜ್, ಸೆಸ್ ಎಲ್ಲ ಸೇರಿಸಿ ದೊಡ್ಡ ದೇಶೀಯ ಕಂಪನಿಯ ದರವನ್ನು ಒಂದು ಹಾಳೆಯಲ್ಲಿ ವರ್ಷವಾರು ಬರೆದುಕೊಳ್ಳಿ. 2004-05ರಲ್ಲಿ ಅದು ಶೇ 36.59. 2005-06ರಲ್ಲಿ ಮೂಲ ದರ 35ರಿಂದ 30ಕ್ಕೆ ಇಳಿದಾಗ 33.66 ಆಯಿತು. ಅಲ್ಲಿಂದ 2018-19ರವರೆಗೆ, ಹದಿನಾಲ್ಕು ವರ್ಷ, 32.4 ಮತ್ತು 34.9ರ ನಡುವೆಯೇ ಓಲಾಡಿದೆ. ಆಮೇಲೆ ಒಂದೇ ಏಟಿಗೆ 25.17. ಅಂದರೆ 2004-05ರಿಂದ ಈಚೆಗೆ ತೆರಿಗೆ ನಿಜವಾಗಿ ಬದಲಾಗಿದ್ದು ಎರಡೇ ಸಲ. ಅದೇ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಎಫ್‌ಡಿಐ 9 ಬಿಲಿಯನ್ ಡಾಲರ್‌ನಿಂದ 62 ಬಿಲಿಯನ್‌ಗೆ ಹೋಗಿದೆ. ತೆರಿಗೆ ನಿಂತಲ್ಲೇ ನಿಂತಿರುವಾಗ ಹೂಡಿಕೆ ಏಳು ಪಟ್ಟು ಬೆಳೆದಿದ್ದರೆ, ಅದನ್ನು ಬೆಳೆಸಿದ್ದು ಬೇರೆ ಏನೋ.

ಲೆವೆಲ್‌ನಲ್ಲಿ ಋಣ ಸಹಗುಣಕ ಬಂದಿದ್ದಕ್ಕೂ ಇದೇ ಕಾರಣ. ಒಂದು ಗೆರೆ ಕಾಲು ಶತಮಾನದಲ್ಲಿ ಕೆಳಗಿಳಿಯುತ್ತಿದೆ, ಇನ್ನೊಂದು ಮೇಲೇರುತ್ತಿದೆ. ಇಂಥ ಯಾವ ಎರಡು ಸರಣಿ ಪಕ್ಕಪಕ್ಕ ಇಟ್ಟರೂ ಆರ್-ಸ್ಕ್ವೇರ್ ಚೆನ್ನಾಗಿಯೇ ಬರುತ್ತದೆ. ನಿಮ್ಮ ಗೈಡ್ ಕೇಳಿದ ಪ್ರಶ್ನೆ ಸರಿಯಾಗಿದೆ. ಎಆರ್‌ಡಿಎಲ್ ಬೌಂಡ್ಸ್ ಟೆಸ್ಟ್ (ಸರಣಿಗಳ ನಡುವೆ ದೀರ್ಘಾವಧಿ ಸಂಬಂಧವಿದೆಯೇ ಎಂಬ ಪರೀಕ್ಷೆ) ಮಾಡಿ ಪಾರಾಗೋಣ ಎಂದು ಹಲವರು ಸಲಹೆ ಕೊಡುತ್ತಾರೆ. ಆದರೆ ಚಿಕ್ಕ ಸ್ಯಾಂಪಲ್‌ಗೆಂದೇ 2005ರಲ್ಲಿ ನಾರಾಯಣ್ ಕೊಟ್ಟ ಮಿತಿ ಬೆಲೆಗಳ ಕೋಷ್ಟಕ ಕೂಡ 30 ಸಾಲಿನಿಂದ ಶುರುವಾಗುತ್ತದೆ. ನಿಮ್ಮಲ್ಲಿರುವುದು 25.

ಇನ್ನು ಎಫ್‌ಡಿಐ ಸರಣಿ. ಇಲ್ಲಿ ಎಡವುವವರೇ ಹೆಚ್ಚು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

‘ಎಫ್‌ಡಿಐ’ ಹೆಸರಿನಲ್ಲಿ ಓಡಾಡುವ ಅಂಕಿಗಳು ಕನಿಷ್ಠ ಮೂರು. ಮೊದಲನೆಯದು ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ತ್ರೈಮಾಸಿಕವಾಗಿ ಕೊಡುವ ಈಕ್ವಿಟಿ ಒಳಹರಿವು, ನೀವು ಹೇಳಿದ 58.8 ಮತ್ತು 44.4 ಅದರದ್ದು. ಎರಡನೆಯದು ಒಟ್ಟು ಎಫ್‌ಡಿಐ: ಈಕ್ವಿಟಿಯ ಜೊತೆಗೆ ಇಲ್ಲೇ ಗಳಿಸಿ ಇಲ್ಲೇ ಮರುಹೂಡಿಕೆ ಮಾಡಿದ ಲಾಭ ಮತ್ತು ಮಾತೃ ಕಂಪನಿಯ ಸಾಲದಂಥ ಇತರ ಬಂಡವಾಳ. ಇದು 2021-22ರಲ್ಲಿ 84.8, 2023-24ರಲ್ಲಿ 71.3, 2024-25ರಲ್ಲಿ 81 ಬಿಲಿಯನ್. ಮೂರನೆಯದು ಆರ್‌ಬಿಐ ಕೊಡುವ ನಿವ್ವಳ ಎಫ್‌ಡಿಐ. 2024-25ಕ್ಕೆ ಆರ್‌ಬಿಐ ಮೊದಲು ಪ್ರಕಟಿಸಿದ ನಿವ್ವಳ ಅಂಕಿ ಸುಮಾರು 0.4 ಬಿಲಿಯನ್ ಡಾಲರ್ ಮಾತ್ರ. ಪತ್ರಿಕೆಗಳಲ್ಲಿ ‘ಎಫ್‌ಡಿಐ ನೆಲಕಚ್ಚಿತು’ ಎಂದು ಬಂದಿದ್ದು ಇದರ ಮೇಲೆ. ಬಿಡಿಸಿ ನೋಡಿದರೆ ಒಳಬಂದದ್ದು 81, ಹಳೆಯ ಹೂಡಿಕೆದಾರರು ಮಾರಿಯೋ ಲಾಭ ತೆಗೆದುಕೊಂಡೋ ವಾಪಸ್ ಒಯ್ದದ್ದು 51.5, ಭಾರತೀಯ ಕಂಪನಿಗಳು ಹೊರದೇಶದಲ್ಲಿ ಹೂಡಿದ್ದು ಸುಮಾರು 29. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹುಂಡೈ ತನ್ನ ಭಾರತದ ಕಂಪನಿಯ ಷೇರು ಮಾರಿ ಎತ್ತಿದ ಸುಮಾರು 27,870 ಕೋಟಿ ರೂಪಾಯಿ ಪೂರ್ತಿ ಕೊರಿಯಾದ ಮಾತೃ ಸಂಸ್ಥೆಗೇ ಹೋಯಿತು. ಅದು ಕಾರ್ಖಾನೆ ಮುಚ್ಚಿ ಹೊರಟಿದ್ದಲ್ಲ. ನಮ್ಮ ಷೇರುಪೇಟೆ ಒಳ್ಳೆಯ ಬೆಲೆ ಕೊಟ್ಟಿತು, ಪಾಲು ಮಾರಿದರು. ಇದಕ್ಕೂ ಕಾರ್ಪೊರೇಟ್ ತೆರಿಗೆ ದರಕ್ಕೂ ಸಂಬಂಧವಿಲ್ಲ. ನಿವ್ವಳ ಅಂಕಿ ಎಡಗಡೆ ಇಟ್ಟರೆ ಇಂಥದ್ದೆಲ್ಲ ನಿಮ್ಮ ಸಹಗುಣಕಕ್ಕೆ ಅಂಟಿಕೊಳ್ಳುತ್ತದೆ.

ಈಕ್ವಿಟಿ ಸರಣಿಯೂ ಶುದ್ಧವಲ್ಲ. ಕೋವಿಡ್ ವರ್ಷವಾದ 2020-21ರಲ್ಲಿ ಅದು 59.6 ಬಿಲಿಯನ್‌ಗೆ ಏರಿತು, ತೆರಿಗೆ ಇಳಿಸಿದ್ದರ ಫಲ ಎಂದು ಬರೆದವರಿದ್ದಾರೆ. ಆ ವರ್ಷ ಜಿಯೋ ಪ್ಲಾಟ್‌ಫಾರ್ಮ್ಸ್ ಒಂದೇ ಕಂಪನಿ ಫೇಸ್‌ಬುಕ್‌ನಿಂದ 43,574 ಕೋಟಿ, ಗೂಗಲ್‌ನಿಂದ 33,737 ಕೋಟಿ, ಉಳಿದವರದ್ದೂ ಸೇರಿ ಒಂದೂವರೆ ಲಕ್ಷ ಕೋಟಿ ರೂಪಾಯಿ ಪಡೆಯಿತು. ಅದರ ನೋಂದಾಯಿತ ಕಚೇರಿ ಅಹಮದಾಬಾದ್. ಹಾಗಾಗಿ ರಾಜ್ಯವಾರು ಪಟ್ಟಿಯಲ್ಲಿ ಗುಜರಾತ್ ಶೇ 37 ಪಾಲಿನೊಂದಿಗೆ ಮೊದಲ ಸ್ಥಾನಕ್ಕೆ ಜಿಗಿಯಿತು. ಮರುವರ್ಷ ಅದು 2.7 ಬಿಲಿಯನ್‌ಗೆ ಇಳಿದು, ಕರ್ನಾಟಕ ಸುಮಾರು 22 ಬಿಲಿಯನ್ ಪಡೆದು ಶೇ 38ರೊಂದಿಗೆ ಮೊದಲಾಯಿತು. ಮರುವರ್ಷವೇ ಕರ್ನಾಟಕ 10.4ಕ್ಕೆ ಬಂತು. ಈ ಏರಿಳಿತ ಕಾರ್ಖಾನೆಗಳದ್ದಲ್ಲ, ದೊಡ್ಡ ಷೇರು ವ್ಯವಹಾರಗಳದ್ದು. ರಾಜ್ಯವಾರು ಅಂಕಿಯನ್ನು ಹೂಡಿಕೆ ನೆಲಕ್ಕಿಳಿದ ಜಾಗ ಎಂದು ಓದಬೇಡಿ.

ದೇಶವಾರು ಪಟ್ಟಿಗೂ ಇದೇ ಎಚ್ಚರ. ಸಿಂಗಪುರ, ಮಾರಿಷಸ್ ಮೇಲೆ ಕಾಣುತ್ತವೆ, ಆದರೆ ಹಣ ಅಲ್ಲಿ ಹುಟ್ಟಿದ್ದಲ್ಲ, ಹಾದು ಬಂದದ್ದು. ಮಾರಿಷಸ್ ಒಪ್ಪಂದವನ್ನು 2016ರಲ್ಲಿ ತಿದ್ದಿ, 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಮಾರಾಟದ ಲಾಭದ ಮೇಲೆ ಭಾರತವೇ ತೆರಿಗೆ ಹಾಕುವಂತಾದ ಮೇಲೆ ಸಿಂಗಪುರ ಮುಂದೆ ಬಂತು. ತೆರಿಗೆ ಹಣದ ದಾರಿಯನ್ನು ಬದಲಿಸಿತು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ. ಹಣದ ಮೊತ್ತವನ್ನೂ ಬದಲಿಸಿತೇ ಎಂಬುದು ಬೇರೆ ಪ್ರಶ್ನೆ.

ಲೆಕ್ಕದ_ಪುಸ್ತಕ:

ಮೇಲಿನವರು ಎಡಗಡೆ ನೋಡಿಕೊಂಡರು, ಬಲಗಡೆಯ ತೆರಿಗೆ ದರದ ಬಗ್ಗೆ ನಾನು ಬರೆಯುತ್ತೇನೆ. ಮೂಲ ದರ 30, 22 ಎಂದು ಹಾಕಿದರೆ ಹೂಡಿಕೆದಾರ ಮಾಡುವ ಲೆಕ್ಕವೇ ನಿಮ್ಮ ಮಾದರಿಯಲ್ಲಿ ಇರುವುದಿಲ್ಲ. ಅವನು ನೋಡುವುದು ಒಂದೇ: ಇಲ್ಲಿ 100 ರೂಪಾಯಿ ಲಾಭ ಬಂದರೆ ನನ್ನ ದೇಶದ ಖಾತೆಗೆ ಎಷ್ಟು ತಲುಪುತ್ತದೆ?

2018-19ರಲ್ಲಿ ದೊಡ್ಡ ಕಂಪನಿ: 30ಕ್ಕೆ ಶೇ 12 ಸರ್ಚಾರ್ಜ್, ಶೇ 4 ಸೆಸ್ ಸೇರಿ 34.944. ಉಳಿದದ್ದು 65.06. ಅದನ್ನು ಲಾಭಾಂಶವಾಗಿ ಹಂಚುವಾಗ ಕಂಪನಿಯೇ ಶೇ 20.56 ಡಿಡಿಟಿ (ಲಾಭಾಂಶ ವಿತರಣಾ ತೆರಿಗೆ) ಕಟ್ಟಬೇಕಿತ್ತು. ಹೂಡಿಕೆದಾರನ ಕೈಗೆ 53.96.

2020-21ರಲ್ಲಿ ಶೇ 22ರ ಹೊಸ ದರದ ಸೆಕ್ಷನ್ 115ಬಿಎಎ ಆಯ್ದ ಕಂಪನಿ: 22ಕ್ಕೆ ಶೇ 10 ಸರ್ಚಾರ್ಜ್, ಶೇ 4 ಸೆಸ್, ಒಟ್ಟು 25.168. ಉಳಿದದ್ದು 74.83. ಡಿಡಿಟಿ 2020ರ ಏಪ್ರಿಲ್ 1ರಿಂದ ರದ್ದಾಗಿ ಲಾಭಾಂಶದ ತೆರಿಗೆ ಷೇರುದಾರನ ಮೇಲೆ ಬಂತು. ಜಪಾನ್, ಜರ್ಮನಿ, ನೆದರ್‌ಲೆಂಡ್ಸ್ ಒಪ್ಪಂದಗಳಲ್ಲಿ ಅದು ಶೇ 10. ಕೈಗೆ 67.35.

ಹೊಸ ತಯಾರಿಕಾ ಕಂಪನಿ, ಸೆಕ್ಷನ್ 115ಬಿಎಬಿ: ಮೂಲ ದರ 15, ಎಲ್ಲ ಸೇರಿ ಶೇ 17.16. ಉಳಿದ 82.84ರಲ್ಲಿ ಶೇ 10 ಕಡಿತವಾಗಿ 74.56.

ಕಂಪನಿ ಮಾಡದೆ ಬ್ರಾಂಚ್ ಆಗಿ ಬಂದ ವಿದೇಶಿ ಕಂಪನಿ: 2024ರ ಬಜೆಟ್ ಮೂಲ ದರವನ್ನು 40ರಿಂದ 35ಕ್ಕೆ ಇಳಿಸಿದ ಮೇಲೂ ಗರಿಷ್ಠ 38.22. ಲಾಭಾಂಶದ ಕಡಿತ ಇಲ್ಲ, ಕೈಗೆ 61.78.

ಗಮನಿಸಿ, 53.96ರಿಂದ 67.35ಕ್ಕೆ ಏರಿದ 13.4 ರೂಪಾಯಿಯಲ್ಲಿ ಒಂದು ಭಾಗ ಮಾತ್ರ ದರ ಇಳಿಕೆಯದ್ದು, ಉಳಿದದ್ದು ಡಿಡಿಟಿ ಹೋದದ್ದರಿಂದ. ಪತ್ರಿಕೆಗಳಲ್ಲಿ ಮೊದಲನೆಯದರ ಬಗ್ಗೆಯೇ ಮಾತು, ಎರಡನೆಯದೂ ವಿದೇಶಿ ಹೂಡಿಕೆದಾರನಿಗೆ ಸಣ್ಣದಲ್ಲ. ಡಿಡಿಟಿ ಕಟ್ಟುತ್ತಿದ್ದುದು ಕಂಪನಿಯಾದ್ದರಿಂದ ತಾಯ್ನಾಡಿನಲ್ಲಿ ಅದಕ್ಕೆ ಕ್ರೆಡಿಟ್ ಸಿಗುವುದೇ ಕಷ್ಟವಾಗಿತ್ತು.

ಈಗ ವಿಯೆಟ್ನಾಂ ಪಕ್ಕದಲ್ಲಿಡಿ. ಅಲ್ಲಿನ ಸಾಮಾನ್ಯ ದರ ಶೇ 20, ವಿದೇಶಿ ಕಂಪನಿಗೆ ಕೊಡುವ ಲಾಭಾಂಶದ ಮೇಲೆ ಕಡಿತವಿಲ್ಲ. ಕೈಗೆ 80. ನಮ್ಮ 17.16, ಅವರ 20 ಎಂದು ಮೇಲ್ನೋಟಕ್ಕೆ ನಾವೇ ಅಗ್ಗ. ಮನೆಗೆ ತಲುಪುವಾಗ ಅವರದ್ದು 80, ನಮ್ಮದು 74.56. ಅಲ್ಲಿ ಪ್ರೋತ್ಸಾಹ ವಲಯಗಳಲ್ಲಿ 15 ವರ್ಷ ಶೇ 10ರ ದರ, ಅದರೊಳಗೆ ಮೊದಲ 4 ವರ್ಷ ಪೂರ್ತಿ ವಿನಾಯಿತಿ, ಮುಂದಿನ 9 ವರ್ಷ ಅರ್ಧ, ಇವೆಲ್ಲ ಬೇರೆ. ದರಗಳ ಕೋಷ್ಟಕವಷ್ಟೇ ನೋಡಿ ತೀರ್ಮಾನಕ್ಕೆ ಬಂದರೆ ತಪ್ಪುವುದು ಇಲ್ಲೇ.

115ಬಿಎಬಿ ಯಾಕೆ ನಿರೀಕ್ಷೆಯಷ್ಟು ಫಲ ಕೊಡಲಿಲ್ಲ ಎಂಬುದಕ್ಕೆ ಅದರ ಷರತ್ತುಗಳನ್ನೇ ಓದಿ. ಕಂಪನಿ 2019ರ ಅಕ್ಟೋಬರ್ 1 ಅಥವಾ ನಂತರ ನೋಂದಾಯಿತವಾಗಿರಬೇಕು. ಉತ್ಪಾದನೆ 2023ರ ಮಾರ್ಚ್ 31ರೊಳಗೆ ಶುರುವಾಗಬೇಕಿತ್ತು, ಗಡುವನ್ನು 2024ರ ಮಾರ್ಚ್ 31ಕ್ಕೆ ವಿಸ್ತರಿಸಿದರು, ಅಲ್ಲಿಗೆ ನಿಂತಿತು. ಭೂಮಿ, ಪರಿಸರ ಅನುಮತಿ, ಕಟ್ಟಡ, ಯಂತ್ರ ಸ್ಥಾಪನೆ ಎಂದು ಎರಡು–ಮೂರು ವರ್ಷ ಹಿಡಿಯುವ ಕೆಲಸಕ್ಕೆ ಕೊಟ್ಟ ನಾಲ್ಕೂವರೆ ವರ್ಷದಲ್ಲಿ ಕೋವಿಡ್ ಎರಡನ್ನು ನುಂಗಿತು. ಭಾರತದಲ್ಲಿ ಬಳಸಿದ ಹಳೆಯ ಯಂತ್ರ ಶೇ 20 ಮೀರಬಾರದು. ಸಾಫ್ಟ್‌ವೇರ್ ಅಭಿವೃದ್ಧಿ ‘ತಯಾರಿಕೆ’ ಅಲ್ಲ ಎಂದು ಕಾಯ್ದೆಯೇ ಹೇಳಿದೆ, ಹಾಗಾಗಿ ಬೆಂಗಳೂರಿನ ಹೆಚ್ಚಿನ ವಿದೇಶಿ ಕಂಪನಿಗಳಿಗೆ ಈ ದರ ಲಾಗೂ ಆಗಲೇ ಇಲ್ಲ.

115ಬಿಎಎ ಕೂಡ ಎಲ್ಲರೂ ತೆಗೆದುಕೊಳ್ಳಲಿಲ್ಲ. ಅದನ್ನು ಆಯ್ದರೆ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಕಡಿತ ಹೋಗುತ್ತಿತ್ತು, ಕೂಡಿಟ್ಟ ಮ್ಯಾಟ್ (ಕನಿಷ್ಠ ಪರ್ಯಾಯ ತೆರಿಗೆ) ಕ್ರೆಡಿಟ್ ಹೋಗುತ್ತಿತ್ತು, ಹೆಚ್ಚುವರಿ ಸವಕಳಿಯೂ ಹೋಗುತ್ತಿತ್ತು. 100 ಕೋಟಿಯ ಹೊಸ ಯಂತ್ರಕ್ಕೆ ಮೊದಲ ವರ್ಷ 35 ಕೋಟಿ ಕಳೆಯುವ ಜಾಗದಲ್ಲಿ 15 ಕೋಟಿ ಮಾತ್ರ. ಒಮ್ಮೆ ಆಯ್ದರೆ ಹಿಂದಕ್ಕೆ ಬರುವಂತಿಲ್ಲ. ಆಯ್ಕೆಗೆ ರಿಟರ್ನ್‌ನ ಗಡುವಿನೊಳಗೆ ಫಾರಂ 10-ಐಸಿ ಸಲ್ಲಿಸಬೇಕಿತ್ತು. ರಿಟರ್ನ್‌ನಲ್ಲಿ ಹೊಸ ದರದಂತೆ ತೆರಿಗೆ ಕಟ್ಟಿ ಫಾರಂ ಮರೆತವರಿಗೆ ಹಳೆಯ ದರದ ನೋಟಿಸ್ ಬಂದಿವೆ. ಆದ್ದರಿಂದ 2019-20ರಿಂದ ಎಲ್ಲ ಕಂಪನಿಗೂ 25.17 ಎಂದು ಹಾಕುವುದೂ ತಪ್ಪು.

ಇಲ್ಲಿ ಬಳಸಿದ ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ, ನಿಮ್ಮ ಅವಧಿ 2024ಕ್ಕೆ ಮುಗಿಯುವುದರಿಂದ ಹಳೆಯವೇ ಸಾಕು.

ಕಡಲತೀರ_75:

ಒಂದು ಆಕ್ಷೇಪ. ಐರ್ಲೆಂಡ್ ಶೇ 12.5 ಇಟ್ಟುಕೊಂಡೇ ತಾನೇ ಗೂಗಲ್, ಆಪಲ್, ಫೈಜರ್ ಎಲ್ಲರನ್ನೂ ಕರೆಸಿಕೊಂಡಿದ್ದು? ತೆರಿಗೆ ಕೆಲಸ ಮಾಡುವುದಿಲ್ಲ ಎಂಬ ತೀರ್ಮಾನಕ್ಕೆ ಅದೊಂದೇ ಉದಾಹರಣೆ ಸಾಕಲ್ಲವೇ ಅಡ್ಡ ನಿಲ್ಲಲು?

ವಿನಿಮಯ_ದರ:

ತೆರಿಗೆ ಕೆಲಸ ಮಾಡುವುದಿಲ್ಲ ಎಂದು ಇಲ್ಲಿ ಯಾರೂ ಹೇಳಿಲ್ಲ ಎಂದುಕೊಂಡಿದ್ದೇನೆ. ಐರ್ಲೆಂಡ್ ಬಗ್ಗೆ ಹೇಳಿ ಮುಖ್ಯ ಮಾತಿಗೆ ಬರುತ್ತೇನೆ.

ಐರ್ಲೆಂಡ್ ರಫ್ತಿನ ಲಾಭಕ್ಕೆ ವಿನಾಯಿತಿ ಕೊಟ್ಟಿದ್ದು 1956ರಲ್ಲಿ, ತಯಾರಿಕೆಗೆ ಶೇ 10 ತಂದಿದ್ದು 1981ರಲ್ಲಿ, 12.5 ಪೂರ್ತಿ ಜಾರಿಯಾಗಿದ್ದು 2003ರಲ್ಲಿ. ಸರ್ಕಾರ ಬದಲಾದರೂ ಅರ್ಧ ಶತಮಾನ ಹೂಡಿಕೆದಾರರಿಗೆ ಕೊಟ್ಟ ಮಾತು ಬದಲಾಗಲಿಲ್ಲ. ಜೊತೆಗೆ ಇಂಗ್ಲಿಷ್ ಬಲ್ಲ ಕೆಲಸಗಾರರು, 1973ರಿಂದ ಯುರೋಪಿನ ಒಕ್ಕೂಟದ ಸದಸ್ಯತ್ವ. ಒಂದೇ ಮಾರುಕಟ್ಟೆಗೆ ಹತ್ತು ಬಾಗಿಲುಗಳಿರುವಾಗ ಯಾವ ಬಾಗಿಲಲ್ಲಿ ತೆರಿಗೆ ಕಡಿಮೆಯೋ ಅಲ್ಲಿ ನುಗ್ಗುತ್ತಾರೆ. ಭಾರತಕ್ಕೆ ಬರುವ ಬಹುಪಾಲು ಹೂಡಿಕೆ ಭಾರತದಲ್ಲೇ ಮಾರಲು ಬರುವುದು. ಅದಕ್ಕೆ ಪರ್ಯಾಯ ಬಾಗಿಲಿಲ್ಲ, ಹಾಗಾಗಿ ದರದ ಸೆಳೆತವೂ ಕಡಿಮೆ. ರಫ್ತಿಗಾಗಿ ಬರುವ ಹೂಡಿಕೆಯಲ್ಲಿ ಮಾತ್ರ ವಿಯೆಟ್ನಾಂ ಹೋಲಿಕೆ ಬಿಸಿ ಮುಟ್ಟಿಸುತ್ತದೆ. ಇನ್ನು ಐರ್ಲೆಂಡಿಗೆ ಬಂದದ್ದರಲ್ಲಿ ಕಾರ್ಖಾನೆ ಎಷ್ಟು, ಕಾಗದ ಎಷ್ಟು ಎಂಬುದೂ ಇದೆ. 2015ರಲ್ಲಿ ಅದರ ಜಿಡಿಪಿ ಶೇ 26 ಬೆಳೆದಂತೆ ಕಂಡಿತು, ಬಹುಪಾಲು ಬೌದ್ಧಿಕ ಆಸ್ತಿಯ ವಿಳಾಸ ಬದಲಾದದ್ದರಿಂದ. ಆ ಮೇಲೆ ಅವರ ಅಂಕಿಅಂಶ ಸಂಸ್ಥೆ ಜಿಡಿಪಿ ಬಿಟ್ಟು ಬೇರೆ ಅಳತೆಗೋಲನ್ನೇ ಮಾಡಿಕೊಳ್ಳಬೇಕಾಯಿತು.

ಈಗ ಆರ್ಥಿಕ ಸ್ಥಿತಿಗತಿ. ಸಹ್ಯಾದ್ರಿ ಅವರು ಭಾರತದ ಜಿಡಿಪಿ, ಹಣದುಬ್ಬರ ಹಾಕಿದ್ದಾರೆ. ಅಮೆರಿಕದ ಬಡ್ಡಿ ದರ ಎಲ್ಲಿ? ಅದು ಬಿಟ್ಟುಹೋದದ್ದೇ ನಿಮ್ಮ 2021-22ರಿಂದ 2023-24ರ ಕುಸಿತಕ್ಕೆ ಉತ್ತರ.

ಒಂದು ಯೋಜನೆ ತೆರಿಗೆಗೆ ಮುಂಚೆ ವರ್ಷಕ್ಕೆ ಶೇ 16 ಗಳಿಸುತ್ತದೆ ಅನ್ನಿ. ಹಳೆಯ 34.94 ದರದಲ್ಲಿ ಉಳಿಯುವುದು 10.4. ಹೊಸ 25.17ರಲ್ಲಿ 12. ಅಷ್ಟು ದೊಡ್ಡ ತೆರಿಗೆ ಇಳಿಕೆ ಹೂಡಿಕೆದಾರನ ಗಳಿಕೆಗೆ ಸೇರಿಸಿದ್ದು 1.6 ಅಂಶ. ರೂಪಾಯಿ ವರ್ಷಕ್ಕೆ ಶೇ 3ರಂತೆ ಇಳಿದರೆ ಆ 12 ಡಾಲರ್‌ನಲ್ಲಿ 8.6ರ ಸುತ್ತ. ಅಮೆರಿಕದ ಹತ್ತು ವರ್ಷದ ಸಾಲಪತ್ರ 1.5 ಕೊಡುತ್ತಿದ್ದಾಗ ಭಾರತದ ಅಪಾಯಕ್ಕೆ ಸಿಗುತ್ತಿದ್ದ ಹೆಚ್ಚುವರಿ ಫಲ 7 ಅಂಶ. ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಸೊನ್ನೆಯ ಹತ್ತಿರವಿದ್ದ ದರವನ್ನು 5.25–5.50ಕ್ಕೆ ಒಯ್ದಿತು, ಸಾಲಪತ್ರ 4.5ಕ್ಕೆ ಬಂತು, ಹೆಚ್ಚುವರಿ ಫಲ 4ಕ್ಕೆ ಇಳಿಯಿತು. ತೆರಿಗೆ ಕೊಟ್ಟದ್ದು 1.6, ಬಡ್ಡಿ ಕಿತ್ತುಕೊಂಡದ್ದು 3. ಸ್ಟಾರ್ಟಪ್‌ಗಳಿಗೆ ಬರುತ್ತಿದ್ದ ಈಕ್ವಿಟಿ ಮೊದಲು ಒಣಗಿದ್ದೂ ಇದರಿಂದಲೇ: ಅವುಗಳ ಲಾಭ ಹತ್ತು ವರ್ಷ ದೂರದ್ದು, ಬಡ್ಡಿ ಏರಿದಾಗ ದೂರದ ಲಾಭದ ಇಂದಿನ ಬೆಲೆಯೇ ಹೆಚ್ಚು ಕರಗುತ್ತದೆ.

ಎರಡನೆಯ ಅಂಶ ಬೇಡಿಕೆ. ತೆರಿಗೆ ಇಳಿಸಿದ 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಸಮೀಕ್ಷೆಯಂತೆ ಕಾರ್ಖಾನೆಗಳು ಸಾಮರ್ಥ್ಯದ ಶೇ 69ರ ಆಸುಪಾಸಿನಲ್ಲಿ ಓಡುತ್ತಿದ್ದವು. 2020ರ ಏಪ್ರಿಲ್–ಜೂನ್‌ನಲ್ಲಿ ಅದು 47. ಇರುವ ಯಂತ್ರದ ಮೂರನೇ ಒಂದು ಪಾಲು ಸುಮ್ಮನೆ ನಿಂತಿರುವಾಗ ತೆರಿಗೆ ಉಳಿದ ದುಡ್ಡಿನಲ್ಲಿ ಯಾರೂ ಹೊಸ ಯಂತ್ರ ತರುವುದಿಲ್ಲ, ಸಾಲ ತೀರಿಸುತ್ತಾರೆ ಅಥವಾ ಲಾಭಾಂಶ ಕೊಡುತ್ತಾರೆ.

ಮೂರನೆಯದು ನಂಬಿಕೆ, ಇದನ್ನು ಅಂಕಿಗಿಳಿಸುವುದು ಕಷ್ಟ, ಬಿಡುವುದಂತೂ ಆಗದು. ವೊಡಾಫೋನ್ 2007ರಲ್ಲಿ ಹಚಿಸನ್ ಪಾಲನ್ನು ಕೊಂಡಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಅದೇ ವರ್ಷದ ಬಜೆಟ್‌ನಲ್ಲಿ ಕಾನೂನನ್ನು ಪೂರ್ವಾನ್ವಯವಾಗಿ ತಿದ್ದಿ ತೆರಿಗೆ ಬೇಡಿಕೆಗೆ ಮತ್ತೆ ಜೀವ ಕೊಟ್ಟರು. 2020ರಲ್ಲಿ ವೊಡಾಫೋನ್, ಕೇರ್ನ್ ಎರಡೂ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಗೆದ್ದವು, 2021ರ ಆಗಸ್ಟ್‌ನಲ್ಲಿ ಸರ್ಕಾರ ಆ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಿತು. ಆ ಒಂಬತ್ತು ವರ್ಷ ಭಾರತದ ದರ ಎಷ್ಟೆಂಬುದಕ್ಕಿಂತ ‘ಈ ದರ ನಾಳೆಯೂ ಇರುತ್ತದೆಯೇ’ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. 2012–2021ಕ್ಕೆ ಒಂದು ಡಮ್ಮಿ (ಆ ವರ್ಷಗಳಿಗೆ 1, ಉಳಿದವಕ್ಕೆ 0) ಹಾಕಬಹುದು, ಆದರೆ 25 ಸಾಲಿನಲ್ಲಿ ಒಂಬತ್ತು ಸಾಲಿನ ಡಮ್ಮಿ ಬೇರೆ ಹತ್ತು ವಿಷಯಗಳನ್ನೂ ಹೊತ್ತುಕೊಳ್ಳುತ್ತದೆ. ಅದನ್ನು ಬರಹದಲ್ಲಿ ಚರ್ಚಿಸುವುದೇ ಲೇಸು.

ಸಹ್ಯಾದ್ರಿ_ಎಂಎ:

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ಕೈಗೆ ತಲುಪುವ ಮೊತ್ತ ಅಷ್ಟು ಮುಖ್ಯವಾದರೆ, ವಿಶೇಷ ದರ ಸಿಗದ ಬೆಂಗಳೂರಿಗೆ ವಿದೇಶಿ ಕಂಪನಿಗಳ ಜಿಸಿಸಿಗಳು (ಮಾತೃ ಕಂಪನಿಗಾಗಿಯೇ ಕೆಲಸ ಮಾಡುವ ಕೇಂದ್ರಗಳು) ಯಾಕೆ ಒಂದರ ಹಿಂದೊಂದು ಬರುತ್ತಿವೆ? ಹಾಗೆಯೇ ಫೋನ್ ತಯಾರಿಕೆ ಬಂದಿದ್ದು ತೆರಿಗೆಯಿಂದಲೋ, ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ಕೊಡುವ ಪಿಎಲ್‌ಐನಿಂದಲೋ?

ವೈಟ್‌ಫೀಲ್ಡ್_ಟಿಪಿ:

ಜಿಸಿಸಿಯ ಲಾಭ ಮಾರುಕಟ್ಟೆಯಲ್ಲಿ ಹುಟ್ಟುವುದಲ್ಲ, ಮಾತೃ ಕಂಪನಿ ವೆಚ್ಚದ ಮೇಲೆ ಒಂದು ಮಾರ್ಜಿನ್ ಸೇರಿಸಿ ಕೊಡುತ್ತದೆ. ಸೇಫ್ ಹಾರ್ಬರ್ ನಿಯಮದಲ್ಲಿ (ನಿಗದಿತ ಮಾರ್ಜಿನ್ ತೋರಿಸಿದರೆ ಇಲಾಖೆ ಪ್ರಶ್ನಿಸದೆ ಒಪ್ಪುವ ನಿಯಮ) ಸಾಫ್ಟ್‌ವೇರ್ ಸೇವೆಗೆ ಬಹುಕಾಲ ಇದ್ದದ್ದು, 100 ಕೋಟಿವರೆಗಿನ ವಹಿವಾಟಿಗೆ ಶೇ 17. ವರ್ಷಕ್ಕೆ 100 ಕೋಟಿ ವೆಚ್ಚದ ಕೇಂದ್ರ ತಗೊಳ್ಳಿ. ಲಾಭ 17 ಕೋಟಿ, ತೆರಿಗೆ 25.168ರಂತೆ 4.28 ಕೋಟಿ. ಅದೇ 17.16 ದರವಿದ್ದರೆ 2.92 ಕೋಟಿ. ವ್ಯತ್ಯಾಸ 1.36 ಕೋಟಿ, ವೆಚ್ಚದ ಶೇ 1.4. ಡಾಲರ್ 83ರಿಂದ 85ಕ್ಕೆ ಹೋದರೆ ಮಾತೃ ಕಂಪನಿಗೆ ಉಳಿಯುವುದು ಶೇ 2.4. ಸಂಬಳ ಶೇ 10 ಏರಿದರೆ, ವೆಚ್ಚದಲ್ಲಿ ಸಂಬಳವೇ ಮುಕ್ಕಾಲು ಪಾಲಾದ್ದರಿಂದ, ಏರುವುದು 7–8 ಕೋಟಿ. ಇಂಥ ಲೆಕ್ಕದಲ್ಲಿ ತೆರಿಗೆ ದರ ಮೂರನೆಯದೋ ನಾಲ್ಕನೆಯದೋ ಸಾಲು. ಅವರು ಕೇಳುವುದು ಎಂಟು ವರ್ಷ ಅನುಭವದ 300 ಎಂಜಿನಿಯರ್‌ಗಳು ಆರು ತಿಂಗಳಲ್ಲಿ ಸಿಗುತ್ತಾರಾ ಎಂದು. ಇದಕ್ಕೆ ಹೌದು ಎನ್ನುವ ಊರುಗಳು ಜಗತ್ತಿನಲ್ಲಿ ಬೆರಳೆಣಿಕೆ.

ಆದರೆ ಇಲ್ಲಿ ರೂಪಾಯಿ ಇಳಿದರೆ ಹೂಡಿಕೆಗೆ ಒಳ್ಳೆಯದು, ದೇಶದೊಳಗೆ ಮಾರುವ ಕಂಪನಿಗೆ ಅದೇ ಕೆಟ್ಟದ್ದು. ನಿಮ್ಮ ರಿಗ್ರೆಶನ್‌ನಲ್ಲಿ ವಿನಿಮಯ ದರದ ಸಹಗುಣಕ ಒಂದು ಕಡೆಗೂ ವಾಲದೆ ನಿಂತಿದ್ದರೆ ಇದೇ ಕಾರಣ ಇರಬಹುದು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಜಿಸಿಸಿಗೆ ತೆರಿಗೆಯಲ್ಲಿ ನೋಯಿಸುವುದು ದರವಲ್ಲ, ವ್ಯಾಜ್ಯ. ಶೇ 15 ಮಾರ್ಜಿನ್ ಸರಿ ಎಂದು ಕಂಪನಿ ತೋರಿಸುತ್ತದೆ, ಅಧಿಕಾರಿ ಬೇರೆ ಹೋಲಿಕೆ ಕಂಪನಿಗಳನ್ನು ಆಯ್ದು 24 ಎನ್ನುತ್ತಾರೆ. ಆ 9 ಕೋಟಿಯ ಮೇಲೆ ಇಲ್ಲಿ ತೆರಿಗೆ, ಅದೇ ಹಣಕ್ಕೆ ತಾಯ್ನಾಡಿನಲ್ಲಿ ಆಗಲೇ ತೆರಿಗೆ ಕಟ್ಟಿಯಾಗಿದೆ. ಮೇಲ್ಮನವಿ ವರ್ಷಗಟ್ಟಲೆ. ಸೇಫ್ ಹಾರ್ಬರ್‌ನಲ್ಲಿ ಸ್ವಲ್ಪ ಜಾಸ್ತಿ ಮಾರ್ಜಿನ್ ಒಪ್ಪಿಕೊಂಡು ನೆಮ್ಮದಿ ಕೊಳ್ಳುವವರು ಇರುವುದು ಇದಕ್ಕೇ.

ಫೋನ್ ವಿಷಯ ಇನ್ನೂ ನೇರ. ಜೋಡಣೆಯಲ್ಲಿ ಲಾಭ ತೀರಾ ತೆಳು, 100 ರೂಪಾಯಿ ಮಾರಾಟಕ್ಕೆ 4 ರೂಪಾಯಿ ಎಂದಿಟ್ಟುಕೊಳ್ಳಿ. ದರ 25.168ರ ಬದಲು 17.16 ಆದರೆ ಉಳಿಯುವುದು 32 ಪೈಸೆ. 2020ರ ಪಿಎಲ್‌ಐ ಹೆಚ್ಚುವರಿ ಮಾರಾಟದ ಮೇಲೆ ಕೊಟ್ಟಿದ್ದು ಶೇ 4ರಿಂದ 6, ಅಂದರೆ 100ಕ್ಕೆ 4ರಿಂದ 6 ರೂಪಾಯಿ. 32 ಪೈಸೆ ಎಲ್ಲಿ, ಆರು ರೂಪಾಯಿ ಎಲ್ಲಿ. ಸೆಮಿಕಂಡಕ್ಟರ್‌ನಲ್ಲೂ ಅಷ್ಟೇ. 2023ರಲ್ಲಿ ಮೈಕ್ರಾನ್‌ನ ಸಾನಂದ್ ಘಟಕಕ್ಕೆ ಕೇಂದ್ರ ಶೇ 50, ಗುಜರಾತ್ ಶೇ 20 ವೆಚ್ಚ ಭರಿಸಲು ಒಪ್ಪಿದವು. ಮೊದಲ ನಾಲ್ಕೈದು ವರ್ಷ ಲಾಭವೇ ಇಲ್ಲದ ಘಟಕಕ್ಕೆ ಲಾಭದ ಮೇಲಿನ ರಿಯಾಯಿತಿ ಏನು ಪ್ರಯೋಜನ? ಮುಂಗಡ ಹಣ ಬೇಕು. ಹಾಗಂತ ಸಬ್ಸಿಡಿ ಎಲ್ಲದಕ್ಕೂ ಮದ್ದಲ್ಲ. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್‌ಗೆ ಜಾಗ ಸಿಕ್ಕಿತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನವನ್ನು ರೈತರ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ರೈತರ ಮಾತಿನಲ್ಲಿ ನ್ಯಾಯವಿತ್ತು. ಹೂಡಿಕೆದಾರನ ಪಟ್ಟಿಯಲ್ಲಿ ಭೂಮಿ ತೆರಿಗೆಗಿಂತ ಮೇಲಿನ ಸಾಲಿನಲ್ಲಿದೆ ಎಂಬುದನ್ನೂ ಅದು ತೋರಿಸುತ್ತದೆ.

ಮುಂದೆ ಬರೆಯುವವರಿಗೆ ಇನ್ನೊಂದು. 75 ಕೋಟಿ ಯೂರೊಗಿಂತ ಹೆಚ್ಚು ವಹಿವಾಟಿನ ಗುಂಪುಗಳಿಗೆ ಕನಿಷ್ಠ ಶೇ 15 ತೆರಿಗೆಯ ಪಿಲ್ಲರ್ 2 ನಿಯಮ ಯುರೋಪ್ ಒಕ್ಕೂಟ, ವಿಯೆಟ್ನಾಂ ಮುಂತಾದೆಡೆ 2024ರಿಂದ ಜಾರಿಯಲ್ಲಿದೆ. ಐರ್ಲೆಂಡ್ ಕೂಡ ಇಂಥ ಗುಂಪುಗಳಿಗೆ 15ಕ್ಕೆ ಬಂದಿದೆ. ನಾವು ಬಿಟ್ಟುಕೊಟ್ಟ ತೆರಿಗೆಯನ್ನು ಇನ್ನೊಂದು ದೇಶ ವಸೂಲಿ ಮಾಡಿಕೊಳ್ಳುವ ವ್ಯವಸ್ಥೆ ಇದು. ಅಮೆರಿಕದ ಗುಂಪುಗಳನ್ನು ಹೊರಗಿಡುವ ಬಗ್ಗೆ ಜಿ7 ದೇಶಗಳು 2025ರ ಜೂನ್‌ನಲ್ಲಿ ಒಪ್ಪಿಕೊಂಡಿವೆ, ಹಾಗಾಗಿ 2024ರ ನಂತರದ ಡೇಟಾದಲ್ಲಿ ಮಾತೃ ದೇಶ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಅಂಕಿಅಂಶ_ಹುಬ್ಬಳ್ಳಿ:

ಸಹ್ಯಾದ್ರಿ ಅವರೇ, ಈಗ ಡಿಸರ್ಟೇಶನ್ ಉಳಿಸಿಕೊಳ್ಳುವ ದಾರಿ. ಎರಡಿವೆ.

ಒಂದು, ಭಾರತ ಒಂದನ್ನೇ ನೋಡುವುದು ಬಿಟ್ಟು ದೇಶಗಳ ಪ್ಯಾನೆಲ್ (ಹಲವು ದೇಶಗಳ ಹಲವು ವರ್ಷಗಳ ಡೇಟಾ). ಐಎಂಎಫ್‌ನ ನೇರ ಹೂಡಿಕೆ ಸಮೀಕ್ಷೆಯಾದ ಸಿಡಿಐಎಸ್‌ನಲ್ಲಿ 2009ರಿಂದ ಯಾವ ದೇಶದ ಹೂಡಿಕೆ ಯಾವ ದೇಶದಲ್ಲಿ ಎಷ್ಟು ನಿಂತಿದೆ ಎಂಬ ದ್ವಿಪಕ್ಷೀಯ ಮಾಹಿತಿ ಉಚಿತವಾಗಿ ಸಿಗುತ್ತದೆ. ತೆರಿಗೆಗೆ ಒಇಸಿಡಿಯ ಕಾರ್ಪೊರೇಟ್ ತೆರಿಗೆ ಡೇಟಾಬೇಸ್, ಶಾಸನದತ್ತ ದರಗಳು 2000ದಿಂದ ಇವೆ. ಪರಿಣಾಮಕಾರಿ ಸರಾಸರಿ ದರ, ಅಂದರೆ ಇಎಟಿಆರ್, 2017ರಿಂದ ಮಾತ್ರ. ಎಲ್ಲಿ ಹೋಗಬೇಕು ಎಂಬ ನಿರ್ಧಾರಕ್ಕೆ ಸರಾಸರಿ ದರ, ಹೋದ ಮೇಲೆ ಎಷ್ಟು ಹೂಡಬೇಕು ಎಂಬುದಕ್ಕೆ ಸೀಮಾಂತ ದರ (ಹೆಚ್ಚುವರಿಯಾಗಿ ಹೂಡುವ ಕೊನೆಯ ರೂಪಾಯಿಯ ಮೇಲಿನ ದರ). ಈ ಎರಡನ್ನು ಬೆರೆಸಬೇಡಿ. ಹರಿವಿನಲ್ಲಿ ಋಣ ಸಂಖ್ಯೆಗಳು ಬರುತ್ತವೆ, ಲಾಗ್ ತೆಗೆಯಲಾಗದು, ಆದ್ದರಿಂದ ಸ್ಟಾಕ್ (ಅಲ್ಲಿವರೆಗೆ ಕೂಡಿ ನಿಂತ ಹೂಡಿಕೆ) ತಗೊಳ್ಳಿ. ಸೊನ್ನೆಗಳು ತುಂಬ ಇರುವುದರಿಂದ ಪಿಪಿಎಂಎಲ್ (ಸೊನ್ನೆಗಳನ್ನೂ ಬಿಡದೆ ಅಂದಾಜು ಮಾಡುವ ವಿಧಾನ) ಬಳಸಿ. ಅತಿಥೇಯ ದೇಶ, ಮೂಲ ದೇಶ, ವರ್ಷ ಮೂರಕ್ಕೂ ಫಿಕ್ಸ್ಡ್ ಎಫೆಕ್ಟ್ (ಒಂದೊಂದಕ್ಕೂ ತನ್ನದೇ ಸ್ಥಿರಾಂಕ) ಹಾಕಿ. ಅಮೆರಿಕದ ಬಡ್ಡಿಯಂಥ ಎಲ್ಲರಿಗೂ ಸಮಾನವಾದ ಅಂಶ ವರ್ಷದ ಎಫೆಕ್ಟ್‌ನಲ್ಲೇ ಸೇರಿಹೋಗುತ್ತದೆ. ಐರ್ಲೆಂಡ್, ಲಕ್ಸೆಂಬರ್ಗ್, ನೆದರ್‌ಲೆಂಡ್ಸ್, ಮಾರಿಷಸ್, ಸಿಂಗಪುರ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ ಎರಡೂ ಕೋಷ್ಟಕ ಕೊಡಿ. ಸಹಗುಣಕ ಅಲ್ಲಿ ಎಷ್ಟು ಕುಗ್ಗುತ್ತದೆ ಎಂಬುದೇ ಒಂದು ಫಲಿತಾಂಶ.

ಎರಡು, ಭಾರತದಲ್ಲೇ ಇರಬೇಕೆಂದರೆ ವಾರ್ಷಿಕ ಬಿಟ್ಟು ಡಿಪಿಐಐಟಿಯ ತ್ರೈಮಾಸಿಕ ವಲಯವಾರು ಡೇಟಾ. 15ರ ದರ ತಯಾರಿಕೆಗೆ ಮಾತ್ರ ಸಿಕ್ಕಿದ್ದರಿಂದ ತಯಾರಿಕೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಇಟ್ಟು 2019ರ ಹಿಂದು–ಮುಂದು ಹೋಲಿಸಬಹುದು. ‘ಕಂಪ್ಯೂಟರ್ ಸಾಫ್ಟ್‌ವೇರ್ ಮತ್ತು ಹಾರ್ಡ್‌ವೇರ್’ ಒಂದೇ ಸಾಲಿನಲ್ಲಿರುವುದರಿಂದ ಅದನ್ನು ಕೈಬಿಡಿ. ಪಿಎಲ್‌ಐ ಪಡೆದ ವಲಯಗಳನ್ನು ತೆಗೆದು ಇನ್ನೊಮ್ಮೆ ಓಡಿಸಿ, ಇಲ್ಲದಿದ್ದರೆ 32 ಪೈಸೆಗೆ ಆರು ರೂಪಾಯಿಯ ಕೀರ್ತಿ ಸಿಗುತ್ತದೆ. ಕಟ್ಟಡಕ್ಕೆ ಸಮಯ ಹಿಡಿಯುವುದರಿಂದ ನಾಲ್ಕರಿಂದ ಎಂಟು ತ್ರೈಮಾಸಿಕದ ಲ್ಯಾಗ್ (ಪರಿಣಾಮ ಕಾಣುವವರೆಗಿನ ವಿಳಂಬ) ಬೇಕು.

ಪರಿಣಾಮದ ಗಾತ್ರ ಎಷ್ಟಿರಬಹುದು ಎಂಬುದಕ್ಕೆ ಒಂದು ಅಳತೆ: ಡಿ ಮೂಯ್ ಮತ್ತು ಎಡರ್ವೀನ್ 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ದರ 1 ಅಂಶ ಇಳಿದರೆ ಎಫ್‌ಡಿಐ ಸುಮಾರು ಶೇ 3.3 ಏರುತ್ತದೆಂದು ಬಂತು. ಫೆಲ್ಡ್ ಮತ್ತು ಹೆಕೆಮೆಯರ್ 2011ರಲ್ಲಿ ಮಾಡಿದಾಗ ಮಧ್ಯಮ ಬೆಲೆ 2.5ರ ಸುತ್ತ. ಭಾರತದ ದರ ಇಳಿದದ್ದು 9.8 ಅಂಶ. ಅಂದರೆ ಶೇ 24ರಿಂದ 32, 2018-19ರ 62 ಬಿಲಿಯನ್ ಮೇಲೆ 15ರಿಂದ 20 ಬಿಲಿಯನ್ ಡಾಲರ್. ಅದೂ ನಿಧಾನವಾಗಿ, ವರ್ಷಗಳ ಮೇಲೆ. ಮರುವರ್ಷವೇ ಜಗತ್ತಿನ ಎಫ್‌ಡಿಐ ಮೂರನೇ ಒಂದು ಪಾಲು ಕುಸಿಯಿತು. ಜಿಯೋದಂಥ ಒಂದೇ ವ್ಯವಹಾರ 20 ಬಿಲಿಯನ್ ತಂದಿತು. ಈ ಗದ್ದಲದಲ್ಲಿ 15–20 ಬಿಲಿಯನ್‌ನ ಸದ್ದು 25 ಸಾಲಿನ ಡೇಟಾಗೆ ಕೇಳಿಸುವುದಿಲ್ಲ.

ಆದ್ದರಿಂದ ‘ಸಂಬಂಧವಿಲ್ಲ’ ಎಂದು ಬರೆಯಬೇಡಿ. ‘ಈ ಡೇಟಾದಿಂದ ಪರಿಣಾಮವನ್ನು ಬೇರ್ಪಡಿಸಲಾಗದು, ಕಾರಣ ಇವು’ ಎಂದು ಬರೆದು, ನಿಮ್ಮ ಲೆವೆಲ್ ಮತ್ತು ಡಿಫರೆನ್ಸ್ ಫಲಿತಾಂಶ ಎರಡನ್ನೂ ಮೊದಲ ಅಧ್ಯಾಯದಲ್ಲೇ ಅಕ್ಕಪಕ್ಕ ಇಡಿ. ತ್ರೈಮಾಸಿಕ ಡೇಟಾ ಜೋಡಿಸುವಾಗ ಹಳೆಯ ಫ್ಯಾಕ್ಟ್‌ಶೀಟ್‌ಗಳಲ್ಲಿ ಅಂಕಿಗಳು ಏಪ್ರಿಲ್‌ನಿಂದ ಕೂಡಿಸಿಕೊಂಡು ಬಂದವು ಎಂಬುದು ನೆನಪಿರಲಿ, ಹಿಂದಿನದನ್ನು ಕಳೆದರೆ ಮಾತ್ರ ಆ ತ್ರೈಮಾಸಿಕದ್ದು ಸಿಗುತ್ತದೆ.